ಹೀರೋಗೆ ಡ್ಯೂಪ್ ಇದ್ದಾನೆ, ನಿಮಗೆ?

1978ರಲ್ಲಿ ವಿಷ್ಣುವರ್ಧನ್ ಮತ್ತು ದ್ವಾರಕೀಶ್ 'ಸಿಂಗಪೂರ್‌ನಲ್ಲಿ ರಾಜಾಕುಳ್ಳ' ಎಂದು ಸಮುದ್ರ ದಾಟಿದರು. 1986ರಲ್ಲಿ ದ್ವಾರಕೀಶ್ 'ಆಫ್ರಿಕಾದಲ್ಲಿ ಶೀಲಾ' ಎಂದು ಇನ್ನೂ ದೂರ ಹೋದರು. ಅಂದಿನಿಂದ ಇಂದಿನವರೆಗೂ ನಮ್ಮ ಹುಡುಗರ ತಲೆಯಲ್ಲಿ ಕೂತಿರುವ ಭೂತ ಒಂದೇ... ದಟ್ಟ ಕಾಡು, ಧುಮುಕುವ ಜಲಪಾತ, ಹಾವು, ಜೀಪು! ಇದನ್ನೆಲ್ಲ ನೋಡಬೇಕಾದರೆ ಪಾಸ್‌ಪೋರ್ಟ್ ಮಾಡಿಸಬೇಕು, ವಿಮಾನ ಹತ್ತಬೇಕು, ಉಷ್ಣವಲಯದ ಯಾವುದೋ ದೇಶದಲ್ಲಿ ಇಳಿಯಬೇಕು ಎಂದೇ ಅವರ ಲೆಕ್ಕ.

ತೆಕ್ಕಟ್ಟೆಯ ಬಸ್ ನಿಲ್ದಾಣದಲ್ಲಿ ನನ್ನ ಕೈಯಲ್ಲಿ ಪತ್ರಿಕೆ ಕಂಡರೆ ಸಾಕು, ಯಾರಾದರೊಬ್ಬ ಹತ್ತಿರ ಬಂದು ಕೇಳುತ್ತಾನೆ. "ಅಣ್ಣಾ, ನೀವ್ ಪತ್ರಿಕೆಯವ್ರ್ ಅಲ್ದಾ? ಥಾಯ್ಲೆಂಡಿಗ್ ಹೋಪುಕೆ ಎಷ್ಟ್ ಖರ್ಚ್ ಆತ್ತ್?"

ಪಿಯುಸಿಯನ್ನು ಅರ್ಧಕ್ಕೇ ಬಿಟ್ಟವನು ನಾನು. ಆದರೂ ಭೂಗೋಳದ ಒಂದು ಪಾಠ ಮರೆತಿಲ್ಲ. ಕರ್ಕಾಟಕ ಸಂಕ್ರಾಂತಿ ವೃತ್ತ ಇರುವುದು ಇಪ್ಪತ್ಮೂರೂವರೆ ಡಿಗ್ರಿಯಲ್ಲಿ. ನಮ್ಮ ತೆಕ್ಕಟ್ಟೆ ಇರುವುದು ಸುಮಾರು ಹದಿಮೂರೂವರೆಯಲ್ಲಿ. ಬ್ಯಾಂಕಾಕ್ ನಗರವೂ ಹೆಚ್ಚುಕಡಿಮೆ ಅದೇ ಗೆರೆಯ ಮೇಲಿದೆ ಮಾರಾಯ್ರೆ! ಅಂದಮೇಲೆ ನಾವು ಹುಟ್ಟಿದ್ದೇ ಉಷ್ಣವಲಯದಲ್ಲಿ. ಟಿಕೆಟ್ ತೆಗೆದು ಹೋಗಬೇಕಾದ ಕಾಡು ನಮ್ಮ ಬೆನ್ನ ಹಿಂದೆಯೇ ಇದೆ.

ಕುಂದಾಪುರಕ್ಕೆ ಹೋಗಿ ಕೊಲ್ಲೂರು ಬಸ್ ಹತ್ತಿ. ನಲವತ್ತು ಕಿಲೋಮೀಟರಿನ ಆಸುಪಾಸು. ಅಲ್ಲಿಂದ ಜೀಪಿನಲ್ಲಿ ಹೊರಟರೆ 1,343 ಮೀಟರ್ ಎತ್ತರದ ಕೊಡಚಾದ್ರಿ. ಇಲ್ಲವೇ ಬ್ರಹ್ಮಾವರದಿಂದ ಹೆಬ್ರಿಗೆ ಹೋಗಿ, ಸೋಮೇಶ್ವರ ದಾಟಿ, ಹದಿನಾಲ್ಕು ತಿರುವು ಸುತ್ತಿ ಆಗುಂಬೆ ಹತ್ತಿ. 80ರ ದಶಕದಲ್ಲಿ ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿಗೆ ಕ್ಯಾಮೆರಾ ಇಟ್ಟ ಊರು ಅದು. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಾಗ. ಕಾಳಿಂಗ ಸರ್ಪದ ಅಧ್ಯಯನಕ್ಕೆಂದು ರೊಮ್ಯುಲಸ್ ವಿಟೇಕರ್ 2005ರಲ್ಲಿ ಕೇಂದ್ರ ತೆರೆದದ್ದೂ ಅಲ್ಲೇ. ಇಷ್ಟು ಸಾಲದೇ ಸಾಹಸಕ್ಕೆ?

ಸಾಕು. ಆದರೆ ಸಾಹಸ ಎಂದರೆ ನಮ್ಮ ಹುಡುಗರು ತಿಳಿದಿರುವುದು ಬೇರೆ. ಅದನ್ನು ಹೇಳಲೆಂದೇ ಈ ಲೇಖನ.

ಪರದೆಯ ಮೇಲೆ ಹೀರೋ ಜಲಪಾತದ ತುದಿಯಿಂದ ಹಾರುತ್ತಾನೆ. ನಾವು ಶಿಳ್ಳೆ ಹೊಡೆಯುತ್ತೇವೆ. ಹಾರಿದ್ದು ಎಷ್ಟೋ ಸಲ ಡ್ಯೂಪ್, ಅವನ ಸೊಂಟಕ್ಕೆ ಹಗ್ಗ, ಕೆಳಗೆ ಈಜುಗಾರರು. ಇಷ್ಟೆಲ್ಲ ಇರಬೇಕಾದ ಕಡೆ ಒಂದು ತಪ್ಪಿದರೂ ಏನಾಗುತ್ತದೆ ಎನ್ನುವುದನ್ನು ಕನ್ನಡ ಚಿತ್ರರಂಗ 2016ರ ನವೆಂಬರ್ 7ರಂದು ಕಂಡಿತು. 'ಮಾಸ್ತಿಗುಡಿ' ಚಿತ್ರೀಕರಣ. ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದ ಅನಿಲ್ ಮತ್ತು ಉದಯ್ ಮೇಲೆ ಬರಲೇ ಇಲ್ಲ. ಮೈ ಹುರಿಗಟ್ಟಿಸಿಕೊಂಡಿದ್ದ ಜಟ್ಟಿಗಳಂಥ ಖಳನಟರು! ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ನೀರಿಗೆ ಸಿಕ್ಸ್ ಪ್ಯಾಕ್ ಲೆಕ್ಕಕ್ಕಿಲ್ಲ.

ನಮ್ಮ ಕಡೆಯದ್ದೇ ಹೇಳುತ್ತೇನೆ. 2023ರ ಜುಲೈನಲ್ಲಿ ಕೊಲ್ಲೂರಿನ ಬಳಿಯ ಅರಶಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಕಾಲು ಜಾರಿ ಕೊಚ್ಚಿಹೋದ. ಗೆಳೆಯ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದ, ಅದರಲ್ಲೇ ಎಲ್ಲ ದಾಖಲಾಯಿತು. ಶವ ಸಿಗಲು ದಿನಗಳೇ ಹಿಡಿದವು. 2025ರ ಮೇ ತಿಂಗಳಲ್ಲಿ 'ಕಾಂತಾರ' ತಂಡದ ಕಿರಿಯ ಕಲಾವಿದರೊಬ್ಬರು ಸೌಪರ್ಣಿಕೆಯಲ್ಲಿ ಮುಳುಗಿ ತೀರಿಕೊಂಡರು. ಚಿತ್ರೀಕರಣದ ಹೊತ್ತಿನಲ್ಲಲ್ಲ, ಬಿಡುವಿನಲ್ಲಿ ನದಿಗೆ ಇಳಿದಾಗ.

ಹಾಗಾದರೆ ಹೋಗಲೇಬಾರದೇ? ಹೋಗಿ! ಆದರೆ ನೀರಿನ ಗುಣ ತಿಳಿದು ಹೋಗಿ. ಸಮುದ್ರದಿಂದ ಬಂದ ಮೋಡ ಘಟ್ಟಕ್ಕೆ ಬಡಿದು ಮೇಲೇರಿ ಅಲ್ಲೇ ಸುರಿಯುತ್ತದೆ. ನಮ್ಮ ಹೊಳೆಗಳು ಉದ್ದ ಕಡಿಮೆ, ಇಳಿಜಾರು ಜಾಸ್ತಿ. ನಿಮ್ಮ ತಲೆ ಮೇಲೆ ಬಿಸಿಲಿರುತ್ತದೆ, ಮೇಲಿನ ಗುಡ್ಡದಲ್ಲಿ ಮಳೆ ಕಡಿಯದೆ ಹೊಯ್ಯುತ್ತಿರುತ್ತದೆ. ಆ ನೀರು ನಿಮ್ಮನ್ನು ಕೇಳಿ ಬರುವುದಿಲ್ಲ.

ಮೂರು ವರ್ಷದ ಹಿಂದೆ ನಾವು ಐದು ಜನ ಘಟ್ಟದ ಬುಡದಲ್ಲಿ ಒಂದು ಹೊಳೆ ದಾಟಲು ನಿಂತಿದ್ದೆವು. ಮೊಣಕಾಲುದ್ದ ನೀರು, ನಡುವೆ ಕಾಲಿಡಲು ಮೂರು ಕಲ್ಲು. ಸೊಪ್ಪಿನ ಹೊರೆ ಹೊತ್ತು ಬಂದ ಅಜ್ಜ ಒಬ್ಬರು ದೂರದಿಂದಲೇ ಕೂಗಿದರು. "ಹ್ವಾಯ್ ಮಕ್ಳೇ, ನಿಲ್ಲಿ! ನೀರ್ ಕೆಂಪ್ ಆಯ್ತ್ ಕಾಣಿ. ಇನ್ ದಾಂಟೂಕಾಗ."

ಕಂಡೆವು. ತಿಳಿಯಾಗಿದ್ದ ನೀರಿಗೆ ಚಹಾದ ಬಣ್ಣ ಬರುತ್ತಿತ್ತು. ತರಗೆಲೆ, ಕಡ್ಡಿ ತೇಲಿ ಬಂದವು. ಹತ್ತು ನಿಮಿಷ ಆಗಿರಬಹುದು, ಮೂರು ಕಲ್ಲೂ ಮಾಯ! ಬೇರು ಸಮೇತ ಒಂದು ಮರ ನಮ್ಮೆದುರೇ ಉರುಳಿಕೊಂಡು ಹೋಯಿತು. ಯಾರೂ ಮಾತಾಡಲಿಲ್ಲ. ಅಜ್ಜ ಹೊರೆ ಇಳಿಸಿ ನಮ್ಮ ಪಕ್ಕದಲ್ಲೇ ಕೂತರು. ಹುಡುಗರು ಎಲ್ಲಿ ದಾಟಿಬಿಡುತ್ತಾರೋ ಎಂಬ ಭಯ ಅವರಿಗೆ ಇತ್ತೋ ಏನೋ. ನೀರು ಇಳಿಯುವ ಲಕ್ಷಣ ಕಾಣದೆ ನಾವು ಬಂದ ದಾರಿಯಲ್ಲೇ ಮರಳಿದೆವು. ಆ ದಿನ ಜಲಪಾತ ನೋಡಲಿಲ್ಲ. ಐದು ಜನ ಹೋಗಿದ್ದೆವು, ಐದೂ ಜನ ಮನೆಗೆ ಬಂದೆವು.

ನೀರು ಕೆಂಪಾಯಿತು, ಕಸ ತೇಲಿತು, ಹೊಳೆಯ ಸದ್ದು ಬದಲಾಯಿತು... ಮೂರರಲ್ಲಿ ಒಂದು ಕಂಡರೂ ದಡ ಹತ್ತಿ. ಪಾಚಿ ಹಿಡಿದ ಬಂಡೆಯ ತುದಿಗೆ ಹೋಗಿ ಫೋಟೋಗೆ ನಿಲ್ಲಬೇಡಿ. ಮಳೆಗಾಲದಲ್ಲಿ ಎಷ್ಟೋ ಜಲಪಾತಗಳಿಗೆ ಪ್ರವೇಶ ನಿಷೇಧಿಸುತ್ತಾರೆ. ಬೋರ್ಡ್ ಇದ್ದರೆ ಬೇಲಿ ಹಾರಬೇಡಿ. ಅರಣ್ಯ ಇಲಾಖೆಯ ಚಾರಣದ ದಾರಿಗಳಿಗೆ ಮೊದಲೇ ಟಿಕೆಟ್ ಮಾಡಿಸಿಕೊಳ್ಳಿ, ಊರಿನ ಮಾರ್ಗದರ್ಶಿಯ ಜೊತೆ ಹೋಗಿ.

ಇನ್ನು ಹಾವು. ಸಿನಿಮಾದಲ್ಲಿ ಹೀರೋಯಿನ್ ಕಾಲಿಗೆ ಹಾವು ಕಚ್ಚಿದ ಕೂಡಲೇ ಹೀರೋ ಕರವಸ್ತ್ರ ಬಿಗಿದು, ಚಾಕುವಿನಲ್ಲಿ ಗೀರಿ, ವಿಷ ಹೀರಿ ಉಗುಳುತ್ತಾನೆ. ಮುಂದಿನದ್ದು ಡ್ಯುಯೆಟ್! ನಿಜ ಜೀವನದಲ್ಲಿ ಇದರಲ್ಲಿ ಒಂದನ್ನೂ ಮಾಡಬಾರದು. ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ. ಕಚ್ಚಿದ ಕೈಕಾಲು ಅಲ್ಲಾಡದಂತೆ ಇಟ್ಟು, ನಡೆಸದೆ ಹೊತ್ತು ಆಸ್ಪತ್ರೆಗೆ ಸೇರಿಸಿ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಕಾಳಿಂಗನಿಗೆ ಅದು ಮದ್ದಲ್ಲ. ಆದ್ದರಿಂದ ಕಾಳಿಂಗ ಕಂಡರೆ ಮೊಬೈಲ್ ತೆಗೆಯುವ ಮೊದಲು ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ.

ಹಾವಿಗಿಂತ ಸಣ್ಣದು ಉಣ್ಣಿ, ಆದರೆ ಉಪಾಯದ ಕೊಲೆಗಾರ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಇದೇ ಉಣ್ಣಿ. ಮಳೆ ಮುಗಿದ ಮೇಲೆ, ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಮಂಗ ಸತ್ತುಬಿದ್ದ ಸುದ್ದಿ ಇದ್ದ ಕಾಡಿಗೆ ಹೋಗಲೇಬೇಡಿ. ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ತುರುಕಿ, ತರಗೆಲೆಯ ಮೇಲೆ ಕೂರಬೇಡಿ. ಮನೆಗೆ ಬಂದವರೇ ಬಿಸಿನೀರಲ್ಲಿ ಸೋಪು ಹಚ್ಚಿ ಮಿಂದು, ಬಟ್ಟೆ ಒಗೆಯಲು ಹಾಕಿ. ಆಮೇಲಿನ ದಿನಗಳಲ್ಲಿ ಜ್ವರ ಬಂದರೆ ಮಾತ್ರೆ ನುಂಗಿ ಮಲಗದೆ, ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಹೇಳಿ. ಮಳೆಗಾಲದ ಇಲಿಜ್ವರಕ್ಕೂ ಇದೇ ಮಾತು.

ಇಂಬಳ? ಅದಕ್ಕೆ ಹೆದರಬೇಡಿ. ಸ್ವಲ್ಪ ರಕ್ತ ಕುಡಿದು ತಾನೇ ಉದುರುತ್ತದೆ, ಸಾಲಗಾರನಿಗಿಂತ ಒಳ್ಳೆಯದು! ಉಪ್ಪಿನ ಪೊಟ್ಟಣ ಜೇಬಲ್ಲಿರಲಿ.

ಚೀಲಕ್ಕೆ ಹೆಚ್ಚೇನೂ ಬೇಡ. ಕುದಿಸಿದ ನೀರು, ಅವಲಕ್ಕಿ ಬೆಲ್ಲ, ಟಾರ್ಚು, ರೈನ್‌ಕೋಟು, ಮೊಬೈಲಿಗೊಂದು ಪ್ಲಾಸ್ಟಿಕ್ ಕವರು. ಜೀನ್ಸ್ ಒದ್ದೆಯಾದರೆ ಕಲ್ಲು ಕಟ್ಟಿದ ಹಾಗೆ, ಮನೆಯಲ್ಲೇ ಬಿಡಿ. ಎಲ್ಲಿಗೆ ಹೋಗುತ್ತೀರಿ, ಯಾವ ಬಸ್ಸಿಗೆ ಮರಳುತ್ತೀರಿ ಎಂದು ಅಮ್ಮನಿಗೆ ಹೇಳಿ ಹೊರಡಿ. ಕಾಡೊಳಗೆ ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ನಿಮ್ಮನ್ನು ಹುಡುಕಿಕೊಂಡು ಬರಬೇಕಾದವರಿಗೆ ಗೊತ್ತಿರುವುದು ಆ ಒಂದು ಮಾತು ಮಾತ್ರ.

ಥಾಯ್ಲೆಂಡ್ ಎಲ್ಲೂ ಓಡಿಹೋಗುವುದಿಲ್ಲ. ದುಡ್ಡು ಕೂಡಿದ ದಿನ ಹೋಗೋಣ, ಅಲ್ಲಿಯೂ ಹೊಳೆ ಹೊಳೆಯೇ, ಹಾವು ಹಾವೇ. ನಮ್ಮ ಘಟ್ಟದಲ್ಲಿ ಕಲಿತವನು ಅಲ್ಲಿ ಬದುಕಿಕೊಳ್ಳುತ್ತಾನೆ. ಈ ಭಾನುವಾರ ಹೋಗಿಬನ್ನಿ. ಶುಕ್ರವಾರ ಹೊಸ ಚಿತ್ರ ಬರುತ್ತದೆ, ಮೊದಲ ಆಟಕ್ಕೆ ನಿಮ್ಮ ಶಿಳ್ಳೆ ಕೇಳಿಸಬೇಕು.