ಗಾಜಿನ ಡಬ್ಬಿಯ ಟಿಕೀಟು

ಬೆಳಗೋಡಿನಲ್ಲಿ ಹುಟ್ಟಿದವನು ಮಲೆನಾಡನ್ನು ನೋಡಲು ಟಿಕೀಟಿಗಾಗಿ ಪರದಾಡಬೇಕಾದೀತೆಂದು ನಾನು ಎಣಿಸಿರಲಿಲ್ಲ. ಮನೆಯ ಜಗಲಿಯಲ್ಲಿ ಕುಳಿತರೆ ಮಂಜು ತಾನಾಗಿಯೇ ಬಂದು ಮೈಮೇಲೆ ಬೀಳುತ್ತಿತ್ತು. ಆದರೆ ಅವ್ವನಿಗೆ ಬೇಕಾದದ್ದು ಘಟ್ಟದ ರೈಲು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗೆ 55 ಕಿಲೋಮೀಟರು, 57 ಸುರಂಗ. 1979ರಲ್ಲಿ ತೆರೆದ ಆ ದಾರಿಯ ಕೆಲಸದಲ್ಲಿ ಅಪ್ಪ ಕೂಲಿಯವರ ಲೆಕ್ಕ ಬರೆಯುತ್ತಿದ್ದರು. ಅವರು ಹೋದ ಮೇಲೆ ಆ ಸುರಂಗಗಳನ್ನು ಒಮ್ಮೆ ಕಾಣಬೇಕೆಂದು ಅವ್ವನ ಹಟ.

2021ರ ಜುಲೈಯಲ್ಲಿ ಈ ದಾರಿಯ ಹಗಲು ಗಾಡಿಗೆ ಗಾಜಿನ ಮಾಡಿನ ವಿಸ್ಟಾಡೋಮ್ ಡಬ್ಬಿಗಳು ಸೇರಿದವಷ್ಟೆ. ಡಬ್ಬಿಗೆ 44 ಆಸನ. ಹಳಗನ್ನಡ ಹೇಳುವ ಮೇಷ್ಟರ ಬೆರಳು ಫೋನಿನ ಮೇಲೆ ತಡಕಾಡುವಷ್ಟರಲ್ಲಿ ಬೆಂಗಳೂರಿನವರು ಎಲ್ಲವನ್ನೂ ಗುಡಿಸಿಕೊಂಡಿರುತ್ತಿದ್ದರು. ಮೂರು ವಾರವೂ ಇದೇ ಕಥೆ.

"ನಮ್ ಕಾಡು ನೋಡಕ್ಕೂ ಚೀಟಿ ಬೇಕೇನ್ಲಾ ಮಗ?" ಎಂದಳು ಅವ್ವ.

ಇಟಲಿಯ ವೆನಿಸ್ ನಗರದವರು 2024ರಲ್ಲಿ, ಸಂದಣಿಯ ದಿನಗಳಲ್ಲಿ ಬಂದು ಅಂದೇ ಮರಳುವವರಿಂದ ಊರೊಳಗೆ ಕಾಲಿಡುವುದಕ್ಕೇ ಐದು ಯೂರೋ ವಸೂಲು ಮಾಡಿದರೆಂದು ಸಮಾಧಾನ ಹೇಳಿದೆ.

"ಅಲ್ಲಿ ಹುಟ್ಟಿದೋರ್ಗೂವಾ?"

ಅವರಿಗಿಲ್ಲ ಎಂದೆ.

"ಹಂಗಾರೆ ಅವ್ರೇ ವಾಸಿ."

ಆ ವರ್ಷದ ಅಕ್ಟೋಬರಿನಲ್ಲಿ ಸಾಮಾನ್ಯ ಡಬ್ಬಿಯಲ್ಲೇ ಹೊರಟೆವು. ತೆರೆದ ಕಿಟಕಿ, ಸುರಂಗದ ತಣ್ಣನೆಯ ಒದ್ದೆಗಾಳಿ ನೇರ ಮುಖಕ್ಕೆ. ಗಾಜಿನೊಳಗೆ ಕುಳಿತವರಿಗೆ ಇದೆಲ್ಲಿಯದು ಎಂದುಕೊಂಡೆ. ಕೈಗೆಟುಕದ ಗಾಜಿನ ಹುಳಿಯೂ ಅದರಲ್ಲಿತ್ತೆನ್ನಿ. ಯಾವ ಸುರಂಗ ಅಪ್ಪನದೆಂದು ನಮ್ಮಿಬ್ಬರಿಗೂ ತಿಳಿಯದು. ಅವ್ವ ಇಪ್ಪತ್ತರವರೆಗೆ ಎಣಿಸಿ ನಿಲ್ಲಿಸಿದಳು. ಮುಂದಿನ ಕತ್ತಲೆಯಲ್ಲಿ ಅವಳ ಕೈ ನನ್ನ ತೋಳನ್ನು ಹಿಡಿಯಿತು. ಬೆಳಕು ಬಂದ ಮೇಲೂ ಬಿಡಲಿಲ್ಲ.