ಪಂಚಮಿಗೆ ಎಷ್ಟು ದಿನ ಕೂಡಿಸಬೇಕು?

ಪೈಥಾನ್‌ನ ಟೈಮ್‌ಡೆಲ್ಟಾ ಗಂಟೆ, ದಿನ, ವಾರ ಕೂಡಿಸಿಕೊಡುತ್ತದೆ. ತಿಂಗಳು ಕೇಳಿದರೆ ಒಲ್ಲೆ ಅನ್ನುತ್ತದೆ. ಆ ಹಟ ನನಗಿಷ್ಟ. ಜಾವಾಸ್ಕ್ರಿಪ್ಟ್‌ನಲ್ಲಿ 2023ರ ಜನವರಿ 31ನ್ನು ಒಂದು ತಿಂಗಳು ಮುಂದೂಡಿದರೆ ಸದ್ದಿಲ್ಲದೆ ಮಾರ್ಚ್ 3 ಕೊಡುತ್ತದೆ.

ಮಾದಾಪುರದಲ್ಲಿ ಕೂತ ನನಗೆ ಬೇಕಿರುವುದು ನಾಗರಪಂಚಮಿ. ಧಾರವಾಡದ ಕಡೆ ಆ ಹಬ್ಬಕ್ಕೆ ಅಕ್ಕನನ್ನು ತವರಿಗೆ ಕರೆತರುವುದು ತಮ್ಮನ ಕೆಲಸ. 2022ರಲ್ಲಿ ಅದು ಆಗಸ್ಟ್ 2ಕ್ಕಿತ್ತು. ಮುಂದಿನದು 384 ದಿನಕ್ಕೆ, ಆಗಸ್ಟ್ 21ಕ್ಕೆ ಬಂತು. ನಡುವೆ ಅಧಿಕ ಶ್ರಾವಣ ಹೊಕ್ಕಿತ್ತು. ಅದರಾಚೆಯದು 354ಕ್ಕೇ. ಕೂಡಿಸಲು ಒಂದು ಸಂಖ್ಯೆಯೇ ಇಲ್ಲ!

ಹಾಗಾಗಿ ನನ್ನ ಸ್ಕ್ರಿಪ್ಟಿನಲ್ಲಿರುವುದು ಪಂಚಾಂಗ ನೋಡಿ ಬರೆದ ತಾರೀಖುಗಳ ಪಟ್ಟಿ. ಟೈಮ್‌ಡೆಲ್ಟಾ ಅದರಿಂದ 62 ದಿನ ಕಳೆದು ರೈಲು ಟಿಕೆಟ್ ನೆನಪಿಸುತ್ತದೆ: ಬುಕಿಂಗ್‌ಗೆ 60, ಕರೆಯಲು ಹೋಗಲಿಕ್ಕೆ ಎರಡು. ಅಕ್ಕ ಮಾತ್ರ ಯುಗಾದಿಗೇ ಫೋನ್ ಮಾಡುತ್ತಾಳೆ: "ಈ ಸರ್ತಿ ಯಾವಾಗ ಬರ್ತಿ, ತಮ್ಮಾ?"