ಪ್ರಯೋಗಶಾಲೆಯಿಂದ ಗ್ರಂಥಾಲಯಕ್ಕೆ

ರಸಾಯನಶಾಸ್ತ್ರದ ಪದವಿ ಪಡೆದು 1968ರಲ್ಲಿ ನಾನು ಬೆಂಗಳೂರಿನ ಸಂಶೋಧನಾಲಯವೊಂದನ್ನು ಸೇರಿದೆ. ಹೊಂಗೆಯೆಣ್ಣೆಯ ಕಹಿಯನ್ನು ನೀಗುವ ಕ್ರಮವೊಂದನ್ನು ಕಂಡುಹಿಡಿಯಬೇಕೆಂಬುದು ನನ್ನ ಹಂಬಲವಾಗಿತ್ತು. ಎಂಟು ತಿಂಗಳು ಹಗಲಿರುಳೆನ್ನದೆ ದುಡಿದೆ, ಪ್ರಯೋಗವು ಫಲಿಸಿತು. ಪ್ರಬಂಧ ಬರೆಯಲೆಂದು ಹಳೆಯ ಪತ್ರಿಕೆಗಳನ್ನು ತಿರುವಿದಾಗ ನನ್ನ ಎದೆ ಧಸಕ್ಕೆಂದಿತು. ಅದೇ ಕ್ರಮವನ್ನು ಬೇರೊಬ್ಬರು ಎಷ್ಟೋ ವರ್ಷಗಳ ಹಿಂದೆ ಪ್ರಕಟಿಸಿದ್ದರು! ತಪ್ಪು ನನ್ನದೇ. ಮೊದಲು ಓದಬೇಕಾದುದನ್ನು ನಾನು ಕೊನೆಯಲ್ಲಿ ಓದಿದ್ದೆ.

ಈ ಪೆಟ್ಟು ನನ್ನ ದಾರಿಯನ್ನೇ ಬದಲಿಸಿತು. ಇಂಥ ಶ್ರಮ ಇನ್ನೊಬ್ಬರದು ವ್ಯರ್ಥವಾಗಬಾರದೆಂದು ಯೋಚಿಸಿ, ಅಲ್ಲಿಯ ಗ್ರಂಥಾಲಯದಲ್ಲಿಯೇ ಕೆಲಸ ಕೇಳಿ ಪಡೆದೆ. ಊರಿನಲ್ಲಿ ತಂದೆಯವರು ನೊಂದುಕೊಂಡರು. “ಇಷ್ಟೆಲ್ಲ ಓದಿ ಪುಸ್ತಕದ ಧೂಳು ಕೊಡವಲು ಹೊರಟೆಯೇನಪ್ಪಾ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಆಗ ನನಗೆ ಧೈರ್ಯ ತಂದದ್ದು ಎಸ್. ಆರ್. ರಂಗನಾಥನ್ ಅವರ ಬಾಳು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. ಮೊದಮೊದಲು ಬೇಸತ್ತು ಮರಳಿ ಪಾಠ ಹೇಳಲು ಬಯಸಿದವರೇ, ಮುಂದೆ ಗ್ರಂಥಾಲಯದ ಕೆಲಸವನ್ನು ಒಂದು ಶಾಸ್ತ್ರವಾಗಿ ಬೆಳೆಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಅವರು ಸ್ಥಾಪಿಸಿದ ದಾಖಲೀಕರಣ ಕೇಂದ್ರದಲ್ಲಿ ನಾನೂ ತರಬೇತಿ ಪಡೆದೆ. ಓದುಗನ ಕಾಲವನ್ನು ಉಳಿಸಬೇಕೆಂಬ ಅವರ ಸೂತ್ರದ ಬೆಲೆಯನ್ನು, ಎಂಟು ತಿಂಗಳು ಕಳೆದುಕೊಂಡಿದ್ದ ನಾನು ಬಲ್ಲವನಾಗಿದ್ದೆ.

ಕಲಿತ ವಿಜ್ಞಾನ ವ್ಯರ್ಥವಾಗಲಿಲ್ಲ. ಎಥನಾಲ್, ಎಥಿಲ್ ಆಲ್ಕೊಹಾಲ್ ಎಂಬವು ಒಂದೇ ವಸ್ತುವಿನ ಎರಡು ಹೆಸರುಗಳು. ಅದರದೇ ಅಣುಸೂತ್ರವುಳ್ಳ ಡೈಮೀಥೈಲ್ ಈಥರ್ ಬೇರೆಯೇ ವಸ್ತು. ಇದನ್ನರಿಯದವನು ಸೂಚಿಯಲ್ಲಿ ದಾರಿ ತಪ್ಪುತ್ತಾನೆ. ಲೋಕದ ರಸಾಯನಶಾಸ್ತ್ರ ಪ್ರಬಂಧಗಳ ಸಾರಾಂಶಗಳನ್ನು 1907ರಿಂದ ಪ್ರಕಟಿಸುತ್ತಿದ್ದ ‘ಕೆಮಿಕಲ್ ಆಬ್‌ಸ್ಟ್ರಾಕ್ಟ್ಸ್’ನ ದಪ್ಪ ಸಂಪುಟಗಳೇ ನನ್ನ ಹೊಸ ಪ್ರಯೋಗಶಾಲೆಯಾದವು.

ಒಮ್ಮೆ ತರುಣ ಸಂಶೋಧಕಿಯೊಬ್ಬಳು ತನ್ನ ಕೆಲಸದ ಯೋಜನೆಯೊಡನೆ ಬಂದಳು. ಮೂರು ದಿನ ಹುಡುಕಿದೆವು. ಅವಳು ಮಾಡಹೊರಟಿದ್ದುದರ ಅರ್ಧ ಭಾಗವು ಜರ್ಮನ್ ಪತ್ರಿಕೆಯೊಂದರಲ್ಲಿ ಆಗಲೇ ಅಚ್ಚಾಗಿತ್ತು. ಅವಳ ಮುಖ ಬಾಡಿತು.

“ಚಿಂತಿಸಬೇಡಮ್ಮ, ಅಲ್ಲಿಯವರೆಗೆ ದಾರಿ ಸಿದ್ಧವಾಗಿದೆ, ನೀನು ಅಲ್ಲಿಂದ ಮುಂದೆ ನಡೆ” ಎಂದೆ.

ಆ ಸಂಪುಟಗಳ ಮುದ್ರಣ 2010ರಲ್ಲಿ ನಿಂತಿತು. ಇಂದು ಗಣಕಯಂತ್ರವು ಕ್ಷಣದಲ್ಲಿ ಹುಡುಕಿಕೊಡುತ್ತದೆ. ಆದರೂ ಏನನ್ನು ಹುಡುಕಬೇಕೆಂಬುದನ್ನು ಮನುಷ್ಯನೇ ತಿಳಿದಿರಬೇಕು. ಕಹಿಯನ್ನು ನೀಗುವ ನನ್ನ ಕ್ರಮಕ್ಕೆ ನನ್ನ ಹೆಸರು ದೊರೆಯಲಿಲ್ಲ. ಆದರೆ ಅಂದು ನಾನುಂಡ ಕಹಿ ಆ ಹುಡುಗಿಗೆ ತಪ್ಪಿತು. ತಂದೆಯವರಿಗೆ ಕೊಡಬೇಕಾಗಿದ್ದ ಉತ್ತರ ಅದೇ.